ಎಳೆಯೋ ತಾಕತ್ತಲ್ಲ, ನಿಲ್ಲಿಸೋ ತಾಕತ್ತು ಕೇಳಿ

1/10
ಕಬ್ಬಿನ ಸೀಸನ್ ಶುರುವಾದ್ರೆ ನಮ್ಮ ಬಾಗಲಕೋಟೆ, ಬೆಳಗಾವಿ ಕಡೆ ಎಲ್ಲರ ಫೀಡ್‌ನಲ್ಲೂ ಒಂದೇ ಥರದ ರೀಲ್ಸ್. ಎರಡು ಟ್ರೇಲರ್ ತುಂಬಿ ತುಳುಕೋ ಕಬ್ಬು, ಏರು ರಸ್ತೆ, ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿರುತ್ತೆ. ಕರಿ ಹೊಗೆ. ಜೋರು ಹಾಡು. ಕೆಳಗೆ ಕಾಮೆಂಟ್: "ಹುಲಿ", "ಇದಪ್ಪಾ ತಾಕತ್ತು", "ಗಂಡ್ಸು ಗಾಡಿ".

ಯಾರ ಟ್ರ್ಯಾಕ್ಟರ್ ಎಷ್ಟು ಟನ್ ಎಳೀತು ಅನ್ನೋದು ಕ್ಯಾಂಟೀನ್‌ನಲ್ಲೂ ಚರ್ಚೆ. ಎರಡು ಕಂಪನಿ ಟ್ರ್ಯಾಕ್ಟರಿನ ಅಭಿಮಾನಿಗಳು ಐಪಿಎಲ್ ಥರ ಜಗಳ ಆಡ್ತಾರೆ. ಅದೇ ಟ್ರ್ಯಾಕ್ಟರು ಅದೇ ಲೋಡು ಹೊತ್ತು ಇಳಿಜಾರಿನಲ್ಲಿ ಬರ್ತಾ ಇರುವಾಗ, ಎದುರಿಗೆ ಒಂದು ಮಗು ರಸ್ತೆಗೆ ಓಡಿ ಬಂದ್ರೆ ಎಷ್ಟು ಮೀಟರಿನಲ್ಲಿ ನಿಲ್ಲುತ್ತೆ ಅಂತ ಮಾತ್ರ ಯಾರೂ ಕೇಳಲ್ಲ.

ಈ ಸರಣಿ ಅದರ ಬಗ್ಗೆ. ನಾನು ಓದ್ತಿರೋದು ಬಿ.ಕಾಂ., ಮೆಕ್ಯಾನಿಕಲ್ ಅಲ್ಲ. ಆದ್ರೆ ಇದರಲ್ಲಿ ಇಂಜಿನಿಯರಿಂಗ್‌ಗಿಂತ ಜಾಸ್ತಿ ಇರೋದು ಲೆಕ್ಕ. ಯಾರಿಗೆ ಲಾಭ, ಯಾರ ಖಾತೆಗೆ ನಷ್ಟ, ಯಾವ ಚೀಟಿಯಲ್ಲಿ ಸಾಕ್ಷಿ ಇದೆ ಅನ್ನೋ ಲೆಕ್ಕ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಓವರ್‌ಲೋಡ್ ಅನ್ನೋದು ಡ್ರೈವರ್ ಒಬ್ಬನ ಹುಚ್ಚು ಧೈರ್ಯ ಅಲ್ಲ. ಟನ್ ಲೆಕ್ಕದ ಬಾಡಿಗೆ ಅದನ್ನ ಹುಟ್ಟಿಸುತ್ತೆ, ಕಾರ್ಖಾನೆಯ ಕಾಟಾ ಅದನ್ನ ತೂಗಿ ಬರೆದುಕೊಳ್ಳುತ್ತೆ, ನಾವು ಲೈಕ್ ಕೊಟ್ಟು ಮೆರೆಸ್ತೀವಿ. ಹತ್ತೂ ಭಾಗ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

2/10 – ಆರ್‌ಸಿಯಲ್ಲಿ ಬರೆದಿರೋ ತೂಕ
ಮೊದಲು ಒಂದು ವಿಷಯ. ಟ್ರೇಲರ್ ಅಂದ್ರೆ ಟ್ರ್ಯಾಕ್ಟರಿನ ಬಾಲ ಅಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಇಂಜಿನ್ ಇಲ್ಲದಿದ್ರೂ ಸರಿ, ಅದಕ್ಕೆ ಅದರದ್ದೇ ನೋಂದಣಿ, ಅದರದ್ದೇ ಆರ್‌ಸಿ.

ಆ ಆರ್‌ಸಿಯಲ್ಲಿ ಎರಡು ತೂಕ ನೋಡಬೇಕು.

ಒಂದು, ಖಾಲಿ ತೂಕ. ಏನೂ ತುಂಬದೆ ಟ್ರೇಲರ್ ಎಷ್ಟು ತೂಗುತ್ತೆ ಅನ್ನೋದು.
ಎರಡು, ಒಟ್ಟು ತೂಕ. ಟ್ರೇಲರ್ ಮತ್ತು ಅದರ ಮೇಲಿನ ಸರಕು ಎರಡೂ ಸೇರಿ ಎಷ್ಟು ದಾಟಬಾರದು ಅನ್ನೋದು.

ಎರಡನೇದರಿಂದ ಮೊದಲನೇದು ಕಳೆದ್ರೆ ಬರೋದು, ನೀವು ತುಂಬಬಹುದಾದ ಹೊರೆ.

ಬಹಳ ಜನ ಎಡವೋದು ಇಲ್ಲೇ. "ನಂದು ಎಂಟು ಟನ್ ಟ್ರೇಲರ್" ಅಂದ್ರೆ ಎಂಟು ಟನ್ ಕಬ್ಬು ಹಾಕಬಹುದು ಅಂತ ತಿಳ್ಕೊಳ್ತಾರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಸರಣಿ ಪೂರ್ತಿ ಇದನ್ನೇ ಬಳಸ್ತೀನಿ. ಒಟ್ಟು ತೂಕ 8 ಟನ್, ಖಾಲಿ ತೂಕ 2 ಟನ್. ಹಾಗಾದ್ರೆ ಕಬ್ಬು 6 ಟನ್ ಮಾತ್ರ. ಎರಡು ಟ್ರೇಲರ್ ಆದ್ರೆ 12 ಟನ್.

ಇನ್ನೊಂದು ಮಜಾ ಇದೆ. ಜಾಸ್ತಿ ಕಬ್ಬು ಹಿಡೀಲಿ ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್‌ಗೆ ಎತ್ತರದ ಕಬ್ಬಿಣದ ಕಂಬ, ಪಟ್ಟಿ ಹಾಕಿಸ್ತಾರಲ್ಲ? ಅದರಿಂದ ಖಾಲಿ ತೂಕ ಹೆಚ್ಚಾಯ್ತು. ಒಟ್ಟು ತೂಕದ ಮಿತಿ ಅಲ್ಲೇ ಇದೆ. ಅಂದ್ರೆ ಲೆಕ್ಕದ ಪ್ರಕಾರ ತುಂಬಬಹುದಾದ ಕಬ್ಬು ಕಡಿಮೆ ಆಯ್ತು, ಹೆಚ್ಚಾಗಲಿಲ್ಲ. ಜಾಗ ಜಾಸ್ತಿ ಆದ ಮಾತ್ರಕ್ಕೆ ತಾಳೋ ಶಕ್ತಿ ಜಾಸ್ತಿ ಆಗಲ್ಲ. ನಮ್ಮ ಹಾಸ್ಟೆಲ್ ರೂಮಿಗೆ ಹತ್ತು ಮಂಚ ಹಿಡಿಸಿದ್ರೂ ಬಾತ್‌ರೂಮ್ ಒಂದೇ ಇದ್ದ ಹಾಗೆ.

3/10 – ಸರಪಳಿಯ ಸೋತ ಕೊಂಡಿ
ಟ್ರೇಲರ್ ತಾಳೋ ತೂಕ ಒಂದೇ ನೋಡಿದ್ರೆ ಸಾಲದು. ಟ್ರ್ಯಾಕ್ಟರಿನಿಂದ ಹಿಡಿದು ಕೊನೇ ಟ್ರೇಲರ್‌ವರೆಗೆ ಅದೊಂದು ಸರಪಳಿ. ಅದರ ಒಂದೊಂದು ಭಾಗಕ್ಕೂ ಒಂದೊಂದು ಮಿತಿ.

ಟೈರ್: ಪಕ್ಕದಲ್ಲಿ ಗಾತ್ರದ ಜೊತೆ ಒಂದು ಸಂಖ್ಯೆ, ಪಕ್ಕದಲ್ಲಿ ಪಿಆರ್ ಅಂತ ಬರೆದಿರುತ್ತೆ. ಟೈರಿನ ಗಟ್ಟಿತನದ ದರ್ಜೆ ಅದು. ಆ ಟೈರು ತಾಳೋ ತೂಕ ಗಾಳಿ ಸರಿಯಾಗಿದ್ದಾಗಿನ ಮಾತು. ಗಾಳಿ ಕಡಿಮೆ ಇದ್ರೆ ಟೈರ್ ಮಡಚಿ ಮಡಚಿ ಬಿಸಿಯಾಗಿ ಒಡೆಯುತ್ತೆ. ಲಾರಿಯಿಂದ ಬಿಚ್ಚಿದ ಸವೆದ ಟೈರ್ ಹಾಕಿದ್ರಂತೂ ಅದರ ಮೇಲೆ ಬರೆದಿರೋ ಅಂಕಿಯನ್ನ ನಂಬೋ ಹಾಗೇ ಇಲ್ಲ.

ಆಕ್ಸಲ್: ಎಲ್ಲ ಭಾರ ಗಾಲಿಗೆ ಹೋಗೋದು ಇದರ ಮೂಲಕ. ಗುಂಡಿ ಹಾರಿದಾಗ ನಿಂತ ತೂಕಕ್ಕಿಂತ ಜಾಸ್ತಿ ಏಟು ಇದಕ್ಕೆ ಬೀಳುತ್ತೆ.

ಪಿನ್ನು: ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ, ಮೊದಲ ಟ್ರೇಲರ್‌ಗೂ ಎರಡನೇದಕ್ಕೂ ಇರೋ ಸಂಬಂಧ ಅಂದ್ರೆ ಕೈಯಷ್ಟು ಉದ್ದದ ಒಂದು ಕಬ್ಬಿಣದ ಪಿನ್ನು. ಅದು ಸವೆದಿದ್ಯಾ, ಕೆಳಗೆ ಲಾಕ್ ಹಾಕಿದ್ಯಾ, ಜೊತೆಗೊಂದು ಸುರಕ್ಷತಾ ಸರಪಳಿ ಇದ್ಯಾ? ಪಿನ್ನು ಹಾರಿದ್ರೆ ಹಿಂದಿನ ಟ್ರೇಲರ್‌ಗೆ ಡ್ರೈವರೂ ಇಲ್ಲ, ದೇವರೂ ಇಲ್ಲ.

ಟ್ರ್ಯಾಕ್ಟರ್: ನಮ್ಮ ಕಡೆ ಓಡೋ 45–50 ಎಚ್‌ಪಿ ಟ್ರ್ಯಾಕ್ಟರ್‌ಗಳ ಸ್ವಂತ ತೂಕ ಸುಮಾರು 2 ಟನ್.

ಈ ಎಲ್ಲ ಮಿತಿಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ನಿಮ್ಮ ಮಿತಿ. ಟ್ರೇಲರ್ 8 ಟನ್ ತಾಳುತ್ತೆ, ಟೈರ್ 6 ಟನ್ನಿಗೆ ಸುಸ್ತಾಗುತ್ತೆ ಅಂದ್ರೆ ನಿಮ್ಮದು 6 ಟನ್ನಿನ ಗಾಡಿ. ಐದು ವಿಷಯದಲ್ಲಿ 90 ತೆಗೆದು ಒಂದರಲ್ಲಿ 20 ತೆಗೆದ್ರೆ ರಿಸಲ್ಟ್ ಏನು ಬರುತ್ತೆ ಅಂತ ನಮಗ್ಯಾರೂ ಹೇಳಿಕೊಡಬೇಕಿಲ್ಲ.

4/10 – ಮೂರೂವರೆ ಪಿಚ್
ಈಗ ನಿಲ್ಲಿಸೋ ಲೆಕ್ಕ. ಸುಲಭ ಆಗಲಿ ಅಂತ ಅಂಕಿಗಳನ್ನ ನಾನೇ ಹಿಡಿದಿದ್ದೀನಿ, ನಿಮ್ಮೂರ ಅಂಕಿ ಹಾಕಿ ನೀವೂ ಮಾಡಿ.

ಟ್ರ್ಯಾಕ್ಟರ್ 2 ಟನ್. ಎರಡು ಖಾಲಿ ಟ್ರೇಲರ್ 4 ಟನ್. ಕಬ್ಬು ಮಿತಿ ಮೀರಿ 18 ಟನ್. ಒಟ್ಟು 24 ಟನ್. (18 ಟನ್ ಕಬ್ಬು ನಮ್ಮ ಕಡೆ ದೊಡ್ಡ ಸುದ್ದಿಯೇನಲ್ಲ ಅನ್ನೋದು ನಿಮಗೂ ಗೊತ್ತು.)

ನಮ್ಮ ಹಳ್ಳಿ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಇಡೀ ಸರಪಳಿಯನ್ನ ಹಿಡಿದು ನಿಲ್ಲಿಸಬೇಕಾದ್ದು ಟ್ರ್ಯಾಕ್ಟರಿನ ಬ್ರೇಕು. ಸಾಮಾನ್ಯ ಟ್ರ್ಯಾಕ್ಟರ್‌ಗಳಲ್ಲಿ ಆ ಬ್ರೇಕ್ ಇರೋದು ಹಿಂದಿನ ಎರಡು ಗಾಲಿಗೆ ಮಾತ್ರ.

ಟ್ರ್ಯಾಕ್ಟರ್ ಒಂದೇ ಇದ್ದಾಗ ಗಂಟೆಗೆ 25 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದ್ರೆ 6 ಮೀಟರಿನಲ್ಲಿ ನಿಲ್ಲುತ್ತೆ ಅಂದ್ಕೊಳ್ಳಿ. ಬ್ರೇಕಿನ ಬಲ ಅಷ್ಟೇ ಇದ್ದು ತೂಕ 2 ಟನ್ನಿನಿಂದ 24 ಟನ್ನಿಗೆ, ಅಂದ್ರೆ 12 ಪಟ್ಟು ಏರಿದ್ರೆ, ನಿಲ್ಲೋ ದೂರವೂ 12 ಪಟ್ಟು. 72 ಮೀಟರ್.

ಕ್ರಿಕೆಟ್ ಪಿಚ್ ಉದ್ದ ಸುಮಾರು 20 ಮೀಟರ್. ಮೂರೂವರೆ ಪಿಚ್ ಆಯ್ತು. ಗಾಲಿ ಉರುಳುವಾಗ ರಸ್ತೆ ಹಿಡಿಯೋ ಘರ್ಷಣೆಯಿಂದ ಇದು ಸ್ವಲ್ಪ ತಗ್ಗಬಹುದು, ಪಿನ್ನಿನ ಮೇಲೆ ಬೀಳೋ ಭಾರದಿಂದ ಹಿಂದಿನ ಗಾಲಿಗೆ ಸ್ವಲ್ಪ ಹಿಡಿತವೂ ಸಿಗಬಹುದು. ಆದ್ರೂ 6 ಎಲ್ಲಿ, ಇದೆಲ್ಲಿ. ಅದರ ಮೇಲೆ ಡ್ರೈವರ್ ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿಗೆ 7 ಮೀಟರ್ ಬೇರೆ.

ವೇಗದ ಲೆಕ್ಕ ಇನ್ನೂ ಕೆಟ್ಟದ್ದು. ವೇಗ ಎರಡು ಪಟ್ಟಾದ್ರೆ ನಿಲ್ಲೋ ದೂರ ನಾಲ್ಕು ಪಟ್ಟು.

ಇನ್ನೊಂದು ಗಮನಿಸಿ. ಮಿತಿಯೊಳಗೇ, 12 ಟನ್ ಕಬ್ಬು ಹಾಕಿದ್ರೂ ಒಟ್ಟು 18 ಟನ್, ಒಂಬತ್ತು ಪಟ್ಟು. ಅಂದ್ರೆ ಕಾಗದದಲ್ಲಿ ಸರಿ ಇದ್ರೂ ಟ್ರೇಲರ್‌ಗೆ ಸ್ವಂತ ಬ್ರೇಕ್ ಬೇಕೇ ಬೇಕು. ಎಳೆಯೋಕೆ ಇಂಜಿನ್ ಒಂದೇ ಸಾಕು, ಗೇರ್ ಇಳಿಸಿದ್ರೆ ಮೆಲ್ಲಗಾದ್ರೂ ಎಳೆಯುತ್ತೆ. ನಿಲ್ಲಿಸೋದಕ್ಕೆ ಮೆಲ್ಲಗೆ ಅನ್ನೋ ಆಯ್ಕೆ ಇಲ್ಲ.

5/10 – ಇಳಿಜಾರು, ಮತ್ತು ಎದ್ದ ಗಾಲಿ
72 ಮೀಟರ್ ಅಂದಿದ್ದು ಸಮತಟ್ಟು ರಸ್ತೆಯಲ್ಲಿ. ನೂರು ಮೀಟರಿಗೆ ಮೂರು ಮೀಟರ್ ಇಳಿಯೋ ರಸ್ತೆ ಇದೆ ಅಂದ್ಕೊಳ್ಳಿ. ಬೈಕಿನಲ್ಲಿ ಹೋಗುವಾಗ ಅದು ಇಳಿಜಾರು ಅಂತಲೇ ನಮಗೆ ಅನ್ನಿಸಲ್ಲ. ಹಳ್ಳದ ಸೇತುವೆಗೆ ಇಳಿಯೋ ರಸ್ತೆಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಅಲ್ಲಿ 24 ಟನ್ ತನ್ನಷ್ಟಕ್ಕೆ ತಾನೇ ಕೆಳಗೆ ತಳ್ಳೋ ಬಲ, ಹಿಂದಿನ ಭಾಗದ ಲೆಕ್ಕದಲ್ಲಿ ನಾವು ಹಿಡಿದ ಬ್ರೇಕಿನ ಬಲದ ಬಹುಪಾಲನ್ನ ತಿಂದುಬಿಡುತ್ತೆ. ನಿಲ್ಲಿಸೋಕೆ ಉಳಿಯೋದು ಚಿಲ್ಲರೆ.

ಇಂಥ ಕಡೆ ಗೇರ್ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸೋರು ಇದ್ದಾರೆ. ಇಂಜಿನ್ ಹಿಡಿತವೂ ಹೋಯ್ತು. ಹಿಂದಿನ ಟ್ರೇಲರ್‌ಗಳು ಟ್ರ್ಯಾಕ್ಟರನ್ನ ತಳ್ಳೋಕೆ ಶುರು ಮಾಡಿದ್ರೆ, ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, ಚಾಕು ಮಡಚಿದ ಹಾಗೆ ಪಿನ್ನಿನ ಹತ್ತಿರ ಮಡಚಿಕೊಳ್ಳುತ್ತೆ. ಹೊಲದಲ್ಲಿ ತಿರುಗಿಸೋಕೆ ಅಂತ ಎಡ ಬಲ ಬ್ರೇಕ್ ಪೆಡಲ್ ಬೇರೆ ಬೇರೆ ಇರುತ್ತಲ್ಲ, ರಸ್ತೆಗೆ ಬಂದಾಗ ಅವೆರಡನ್ನೂ ಸೇರಿಸಿ ಲಾಕ್ ಹಾಕದಿದ್ರೆ ಒಂದೇ ಗಾಲಿ ಹಿಡಿದು ಇನ್ನೂ ಬೇಗ ಅಡ್ಡ ಆಗುತ್ತೆ.

ಈಗ ರೀಲ್ಸ್‌ನ ಹೀರೋ, ಮೇಲೆದ್ದ ಮುಂದಿನ ಗಾಲಿ. ಸ್ಟೇರಿಂಗ್ ಕೆಲಸ ಮಾಡೋದು ಮುಂದಿನ ಗಾಲಿ ನೆಲ ಹಿಡಿದಿದ್ರೆ ಮಾತ್ರ. ಅದು ಗಾಳಿಯಲ್ಲಿದ್ರೆ ಡ್ರೈವರ್ ಕೈಯಲ್ಲಿರೋದು ಬರೀ ಒಂದು ಚಕ್ರ. ಹಿಂದಿನ ಭಾರ ಜಾಸ್ತಿಯಾಗಿ ಟ್ರ್ಯಾಕ್ಟರ್ ಹಿಂದಕ್ಕೆ ವಾಲ್ತಿದೆ ಅಂತ ಗಾಡಿ ಹೇಳ್ತಾ ಇರೋ ಮಾತು ಅದು. ಪಿನ್ನು ಸಿಕ್ಕಿಸೋ ಜಾಗ ಎತ್ತರ ಇದ್ದಷ್ಟೂ ಈ ವಾಲಿಕೆ ಜಾಸ್ತಿ. ಇನ್ನೂ ಸ್ವಲ್ಪ ಎದ್ರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೇ ಬೀಳುತ್ತೆ.

ಮುಂದೆ ಬಂಪರಿಗೆ ಕಲ್ಲು ಕಟ್ಟಿ, ಇಬ್ಬರು ಹುಡುಗರನ್ನ ಮುಂದೆ ಕೂರಿಸಿ ಗಾಲಿ ಕೆಳಗಿಳಿಸೋ ವಿಡಿಯೋಗಳೂ ಬರ್ತವೆ. ಜ್ವರ ಬಂದಾಗ ಥರ್ಮಾಮೀಟರ್‌ನ ತಣ್ಣೀರಲ್ಲಿ ಅದ್ದಿದ ಹಾಗೆ.

6/10 – ಹಿಂದೆ ಬರೋರು ನಾವೇ
"ಅದೆಲ್ಲ ಡ್ರೈವರ್ ಚಿಂತೆ, ನಮಗೇನು?" ಅನ್ನೋರಿಗೆ ಈ ಭಾಗ.

ಸಂಜೆ ಕಾಲೇಜು ಬಿಟ್ಟು, ಟ್ಯೂಷನ್ ಮುಗಿಸಿ, ಪಾರ್ಟ್ ಟೈಮ್ ಕೆಲಸ ಮುಗಿಸಿ ಊರಿಗೆ ಬೈಕಿನಲ್ಲಿ ಹೋಗೋರು ನಾವು. ಆ ಹೊತ್ತಿಗೇ ಕಬ್ಬಿನ ಗಾಡಿಗಳು ರಸ್ತೆಗೆ ಇಳೀತವೆ. ಟ್ರೇಲರ್ ಹಿಂದೆ ಕಬ್ಬು ಚಾಚಿಕೊಂಡಿರುತ್ತೆ. ಸೀಸನ್ ಶುರುವಿನಲ್ಲಿ ಪೊಲೀಸರು ನಿಂತು ಅಂಟಿಸಿದ ರಿಫ್ಲೆಕ್ಟರ್ ಆ ಗರಿ ಹಿಂದೆ ಮುಚ್ಚಿ ಹೋಗಿರುತ್ತೆ. ಟೇಲ್ ಲೈಟ್ ಇದ್ರೂ ಕಾಣಲ್ಲ. ಎದುರಿಗೆ ಬರೋ ಗಾಡಿಯ ಲೈಟ್ ಕಣ್ಣಿಗೆ ಹೊಡೆದಾಗ ಮುಂದೆ ಇರೋದು ಕತ್ತಲೋ ಕಬ್ಬೋ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ.

ಅದಕ್ಕಿಂತ ಅಪಾಯ, ನಿಂತ ಗಾಡಿ. ಓವರ್‌ಲೋಡ್ ಆದ ಟ್ರೇಲರ್‌ಗೆ ಟೈರ್ ಒಡೆಯೋದು, ಆಕ್ಸಲ್ ಮುರಿಯೋದು ಜಾಸ್ತಿ. ಅಷ್ಟು ಭಾರ ಇರೋದನ್ನ ಪಕ್ಕಕ್ಕೆ ಸರಿಸೋಕೂ ಆಗಲ್ಲ. ರಸ್ತೆ ಮೇಲೇ ಬಿಟ್ಟು, ಹಿಂದೆ ನಾಲ್ಕು ಕಲ್ಲು, ಒಂದು ಮುಳ್ಳಿನ ಕೊಂಪೆ ಇಟ್ಟು ಹೋಗ್ತಾರೆ. ಎರಡು ದಿನ ಆದಮೇಲೆ ಗಾಡಿ ಹೋಗಿರುತ್ತೆ, ಕಲ್ಲು ಅಲ್ಲೇ ಇರುತ್ತೆ.

ಮತ್ತೆ ಆ ಸೌಂಡ್ ಬಾಕ್ಸ್. ಹಾಡಿನ ಸದ್ದಿಗೆ ಹಿಂದಿನವರ ಹಾರ್ನ್ ಡ್ರೈವರ್‌ಗೆ ಕೇಳಲ್ಲ. ಹಿಂದಿನ ಟ್ರೇಲರ್ ಪಿನ್ನು ಕಳಚಿದ್ರೂ ಕೇಳಲ್ಲ.

ನಮ್ಮ ಕಾಲೇಜಿಗೆ ಬರೋ ಹುಡುಗ ಹುಡುಗಿಯರಲ್ಲಿ ಕಬ್ಬು ಬೆಳೆಯೋ ಮನೆಯವರೂ ಇದ್ದಾರೆ, ಕಬ್ಬಿನ ಟ್ರ್ಯಾಕ್ಟರ್ ಇರೋ ಮನೆಯವರೂ ಇದ್ದಾರೆ, ಅದೇ ರಸ್ತೆಯಲ್ಲಿ ಬೈಕ್ ಓಡಿಸೋರೂ ಇದ್ದಾರೆ. ಬಹಳ ಸಲ ಮೂರೂ ಒಬ್ಬರೇ. ಅದಕ್ಕೇ ಇದು ಅವರ ವಿಷಯ ಅಂತ ಬೆರಳು ತೋರಿಸೋಕೆ ನಮಗೆ ಜಾಗ ಇಲ್ಲ.

7/10 – ಡ್ರೈವರ್ ಯಾಕೆ ತುಂಬ್ತಾನೆ? ಕಾಸ್ಟ್ ಅಕೌಂಟಿಂಗ್ ಹೇಳುತ್ತೆ
ನಮ್ಮ ಕಾಕಾ ಕಬ್ಬಿನ ಟ್ರ್ಯಾಕ್ಟರ್ ಇಟ್ಟಿದ್ದಾರೆ. ಅವರನ್ನ ಕೇಳಿದ್ರೆ ಒಂದೇ ಮಾತು: "ತಮ್ಮಾ, ಆರ್‌ಸಿ ನೋಡಿ ತುಂಬಿದ್ರ ಕಂತು ನೀ ಕಟ್ತೀಯೇನು?"

ಕೋಪ ಬರೋ ಉತ್ತರ, ಆದ್ರೆ ಸುಳ್ಳಲ್ಲ. ಲೆಕ್ಕ ಹಾಕೋಣ.

ಸ್ಥಿರ ವೆಚ್ಚ: ಟ್ರ್ಯಾಕ್ಟರ್ ಕಂತು, ಡ್ರೈವರ್ ಪಗಾರ, ಕಬ್ಬು ಕಡಿಯೋ ಗ್ಯಾಂಗಿಗೆ ಸೀಸನ್‌ಗೆ ಮೊದಲೇ ಕೊಟ್ಟ ಮುಂಗಡ. ಆರು ಟನ್ ಹಾಕಿದ್ರೂ ಒಂಬತ್ತು ಟನ್ ಹಾಕಿದ್ರೂ ಇವು ಬದಲಾಗಲ್ಲ.
ಬದಲಾಗೋ ವೆಚ್ಚ: ಡೀಸೆಲ್. ಅದೂ ತೂಕ ಏರಿದಷ್ಟೇ ಪ್ರಮಾಣದಲ್ಲಿ ಏರಲ್ಲ.
ಆದಾಯ: ಪೂರ್ತಿ ಟನ್ ಲೆಕ್ಕ.

ಟನ್ನಿಗೆ 300 ರೂಪಾಯಿ ಬಾಡಿಗೆ ಅಂತ ಸುಮ್ಮನೆ ಹಿಡಿಯೋಣ. 12 ಟನ್ನಿಗೆ 3,600. 18 ಟನ್ನಿಗೆ 5,400. ಮೇಲಿನ 1,800ರಲ್ಲಿ ಸ್ವಲ್ಪ ಡೀಸೆಲ್ ಬಿಟ್ರೆ ಉಳಿದದ್ದೆಲ್ಲ ಲಾಭ ಅನ್ನಿಸುತ್ತೆ. ನಮ್ಮ ಪುಸ್ತಕದ ಭಾಷೆಯಲ್ಲಿ ಕೊನೇ ಟನ್ನೇ ಅತಿ ಲಾಭದ ಟನ್.

"ಎರಡು ಟ್ರಿಪ್ ಹೊಡೀರಿ" ಅಂತ ಹೇಳೋದು ಸುಲಭ. ಕಾರ್ಖಾನೆ ಮುಂದೆ ಸಾಲು ನೋಡಿದ್ದೀರಲ್ಲ? ಗಾಡಿ ಖಾಲಿ ಆಗೋಕೆ ರಾತ್ರಿಯೆಲ್ಲ ಕಾಯಬೇಕು. ದಿನಕ್ಕೆ ಒಂದೇ ಟ್ರಿಪ್ ಸಿಗೋದಾದ್ರೆ ಯಾರಾದ್ರೂ ಆ ಒಂದರಲ್ಲೇ ಆದಷ್ಟು ತುಂಬ್ತಾರೆ. ನಿದ್ದೆ ಇಲ್ಲದ ಡ್ರೈವರ್ ವಾಪಸ್ ಹೊರಡ್ತಾನೆ, ಅದು ಬೇರೆ.

ರೈತನ ಕಡೆಯಿಂದ ನೋಡಿದ್ರೂ ಒತ್ತಡ. 2025–26ರ ಸೀಸನ್‌ಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಶೇ 10.25 ಇಳುವರಿಗೆ. ಟನ್ನಿಗೆ 3,550. ಅದರಲ್ಲಿ ಕಟಾವು, ಸಾಗಣೆ ಖರ್ಚು ಕಳೆದು ರೈತನ ಕೈಗೆ ಬರೋದು. ಕಡಿದ ಕಬ್ಬು ಹೊಲದಲ್ಲಿ ಒಣಗಿದ್ರೆ ತೂಕವೂ ಹೋಗುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ಅವರೂ "ಹಾಕ್ರಿ ಇನ್ನ ನಾಕ್ ಹೊರಿ" ಅಂತಾರೆ.

ಇಷ್ಟು ಕೈ ಸೇರಿ ತುಂಬಿದ ಲೋಡನ್ನ ಒಬ್ಬ ಡ್ರೈವರ್ ಸೊಕ್ಕು ಅಂತ ಹೇಳಿ ಮುಗಿಸೋಕಾಗಲ್ಲ.

8/10 – ನಷ್ಟ ಯಾರ ಖಾತೆಗೆ?
ಆ 1,800 ರೂಪಾಯಿ ಲಾಭ ಕಾಣೋದು ಯಾಕೆ ಅಂದ್ರೆ, ಖರ್ಚಿನ ಒಂದು ಭಾಗವನ್ನ ನಾವು ಪುಸ್ತಕದಲ್ಲಿ ಬರೆದೇ ಇಲ್ಲ.

ರಸ್ತೆ: 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ರಸ್ತೆ ಮಾಡಿ, ಅದರ ಮೇಲೆ ಲಾರಿ ಓಡಿಸಿ ದೊಡ್ಡ ಪರೀಕ್ಷೆ ಮಾಡಿದ್ರು. ಆಶೋ ರೋಡ್ ಟೆಸ್ಟ್ ಅಂತ ಅದಕ್ಕೆ ಹೆಸರು. ಅದರಿಂದ ಬಂದ ಅಂದಾಜು ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ರಸ್ತೆಗೆ ಆಗೋ ಹಾನಿ ಆಕ್ಸಲ್ ತೂಕದ ನಾಲ್ಕನೇ ಘಾತದಷ್ಟು ಏರುತ್ತೆ. ನಮ್ಮ ಉದಾಹರಣೆಯಲ್ಲಿ 8 ಟನ್ನಿನ ಟ್ರೇಲರ್ 11 ಟನ್ ಆಗಿದೆ. ತೂಕ ಏರಿದ್ದು ಒಂದೂ ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ರಸ್ತೆ ಹಾನಿ ಸುಮಾರು ಮೂರೂವರೆ ಪಟ್ಟು. ಕಬ್ಬಿನ ಸೀಸನ್ ಮುಗಿದ ಮೇಲೆ ನಮ್ಮೂರ ರಸ್ತೆ ಹೇಗಿರುತ್ತೆ ಅಂತ ಬಸ್ಸಿನ ಹಿಂದಿನ ಸೀಟಿನವರನ್ನ ಕೇಳಿ. ಆ ಬಿಲ್ಲು ಎಲ್ಲರ ತೆರಿಗೆಯಿಂದ.

ದಂಡ: ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ಗೆ 2019ರಲ್ಲಿ ತಿದ್ದುಪಡಿ ಬಂತು. ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000, ಜೊತೆಗೆ ಹೆಚ್ಚಿನ ಸರಕು ಇಳಿಸೋ ಖರ್ಚು. ಒಂದು ಟ್ರೇಲರಿನಲ್ಲಿ 3 ಟನ್ ಜಾಸ್ತಿ ಇದ್ರೆ 26,000. ಸರಕು ಮಿತಿ ಮೀರಿ ಅಕ್ಕಪಕ್ಕ, ಹಿಂದೆ, ಮೇಲೆ ಚಾಚಿದ್ರೆ ಅದಕ್ಕೂ ಬೇರೆ 20,000 ಇದೆ.

ಜವಾಬ್ದಾರಿ: ಆ ಸೆಕ್ಷನ್ ಹೇಳೋದು ಓಡಿಸಿದವನನ್ನ ಮಾತ್ರ ಅಲ್ಲ, ಓಡಿಸೋಕೆ ಹಚ್ಚಿದವರನ್ನ, ಬಿಟ್ಟವರನ್ನ ಕೂಡ. 113ನೇ ಸೆಕ್ಷನ್ ಪ್ರಕಾರ ಡ್ರೈವರ್ ಮಾಲೀಕನಲ್ಲದಿದ್ರೆ, ಮಾಲೀಕನಿಗೆ ಗೊತ್ತಿದ್ದೇ ನಡೆದಿದೆ ಅಂತ ಕೋರ್ಟ್ ಭಾವಿಸಬಹುದು.

ಪ್ರಾಣ: ಇದಕ್ಕೆ ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ. ಟನ್ನಿಗೆ 300ರ ಹಾಗೆ ಆರು ಟನ್ ಜಾಸ್ತಿ ತುಂಬಿದ ಲಾಭ ಒಬ್ಬರ ಜೇಬಿಗೆ, ಅಪಾಯ ಎದುರಿಗೆ ಬರೋ ಯಾರದೋ ಮನೆಗೆ. ಅವರನ್ನ ಯಾರೂ ಕೇಳಿಲ್ಲ, ಅವರು ಸಹಿ ಹಾಕಿಲ್ಲ.

9/10 – ಕಾಟಾ ಚೀಟಿ ಎಲ್ಲ ಹೇಳುತ್ತೆ
ಮರಳು ಲಾರಿ, ಜಲ್ಲಿ ಲಾರಿ ಓವರ್‌ಲೋಡ್ ಹಿಡಿಯೋಕೆ ಅಧಿಕಾರಿಗಳು ರಸ್ತೆಯಲ್ಲಿ ಕಾದು ಕೂರಬೇಕು. ಕಬ್ಬಿಗೆ ಅದರ ಅಗತ್ಯವೇ ಇಲ್ಲ. ಯಾಕಂದ್ರೆ ಕಬ್ಬಿನ ಪ್ರತಿ ಗಾಡಿಯೂ ಕಾರ್ಖಾನೆಯ ಕಾಟಾ ಮೇಲೆ ಹತ್ತುತ್ತೆ. ತುಂಬಿದ ತೂಕ, ಖಾಲಿ ತೂಕ, ಗಾಡಿ ನಂಬರ್, ತಾರೀಕು, ಹೊತ್ತು, ಎಲ್ಲ ಒಂದು ಚೀಟಿಯಲ್ಲಿ ಪ್ರಿಂಟ್ ಆಗಿ ಬರುತ್ತೆ. ಆ ಗಾಡಿ ಮಿತಿ ಮೀರಿ ರಸ್ತೆಯಲ್ಲಿ ಬಂದಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಇಡೀ ಸೀಸನ್ ಸಾವಿರಾರು ಚೀಟಿ. ಹಾಗಾಗಿ "ನಮಗೆ ತೂಕ ಗೊತ್ತಿರಲಿಲ್ಲ" ಅನ್ನೋ ಮಾತು ಈ ವ್ಯವಹಾರದಲ್ಲಿ ಯಾರ ಬಾಯಲ್ಲೂ ನಿಲ್ಲಲ್ಲ.

ನನ್ನ ಪ್ರಕಾರ ಆಗಬೇಕಾದ್ದು ನಾಲ್ಕು.

ಒಂದು: ಆ ಚೀಟಿಯಲ್ಲಿ ಗಾಡಿಯ ಆರ್‌ಸಿ ಮಿತಿಯೂ ಪ್ರಿಂಟ್ ಆಗಲಿ. ಬಂದ ತೂಕದ ಪಕ್ಕದಲ್ಲೇ.
ಎರಡು: ಮಿತಿ ಮೀರಿದ ಟನ್ನಿಗೆ ರೈತನಿಗೆ ಕಬ್ಬಿನ ಹಣ ಪೂರ್ತಿ ಕೊಡಲಿ, ಆದ್ರೆ ಸಾಗಣೆ ಬಾಡಿಗೆ ಸೊನ್ನೆ. ಕೊನೇ ಟನ್ನು ಲಾಭದ್ದಲ್ಲ ಅಂತ ಆದ ದಿನ ಯಾರೂ ತುಂಬಲ್ಲ. ರೈತನಿಗೂ ಪೆಟ್ಟು ಬೀಳಲ್ಲ.
ಮೂರು: ಮಿತಿಯೊಳಗೆ ತುಂಬಿದವರೂ ಬದುಕೋ ಹಾಗೆ ಬಾಡಿಗೆ ದರ ನಿಗದಿಯಾಗಲಿ, ಟೋಕನ್ ಕೊಟ್ಟು ಹೊತ್ತು ಗೊತ್ತು ಮಾಡಿ ಸಾಲು ಕಡಿಮೆ ಮಾಡಲಿ. ಎರಡು ಟ್ರಿಪ್ ಸಾಧ್ಯ ಆದ್ರೆ ಒಂದರಲ್ಲೇ ತುರುಕೋ ಕಾರಣ ಹೋಗುತ್ತೆ.
ನಾಲ್ಕು: ಸೀಸನ್‌ಗೆ ಮೊದಲು ರಿಫ್ಲೆಕ್ಟರ್ ಅಂಟಿಸೋ ಹಾಗೇ ಟ್ರೇಲರ್ ಬ್ರೇಕ್, ಪಿನ್ನು, ಟೈರ್ ನೋಡಿ ಆಮೇಲೆ ಗಾಡಿಯನ್ನ ಒಳಗೆ ಬಿಡಲಿ.

"ಹೀಗೆ ಮಾಡಿದ್ರೆ ಸಾಗಣೆ ಖರ್ಚು ಏರುತ್ತೆ, ಕೊನೆಗೆ ರೈತನ ತಲೆಗೇ ಬರುತ್ತೆ" ಅಂತ ಕಾಕಾ ಹೇಳ್ತಾರೆ. ಆ ಭಯ ನಿಜ. ಖರ್ಚು ಏರುತ್ತೆ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಆ ಖರ್ಚು ಈಗಲೂ ಇದೆ, ನಾವು ಅದನ್ನ ಆಸ್ಪತ್ರೆ ಬಿಲ್ಲಿನಲ್ಲಿ, ಕಿತ್ತುಹೋದ ರಸ್ತೆಯಲ್ಲಿ ಕಟ್ತಾ ಇದ್ದೀವಿ. ಅದನ್ನ ಸಕ್ಕರೆಯ ಲೆಕ್ಕದಲ್ಲಿ ತೋರಿಸಿ, ಕಾರ್ಖಾನೆ, ಸರ್ಕಾರ, ಸಕ್ಕರೆ ತಿನ್ನೋ ನಾವೆಲ್ಲ ಹಂಚಿಕೊಳ್ಳೋಣ. ಕತ್ತಲಲ್ಲಿ ಬೈಕ್ ಓಡಿಸೋನೊಬ್ಬ ಯಾಕೆ ಕಟ್ಟಬೇಕು?

10/10 – ನಮ್ಮ ಕೈಲಿರೋದು
ಕಾರ್ಖಾನೆ ನಿಯಮ ಬದಲಾಗೋಕೆ ಹೊತ್ತು ಬೇಕು. ಇವತ್ತೇ ಮಾಡೋ ಕೆಲಸ ಕೆಲವಿವೆ, ಎಲ್ಲ ಪುಕ್ಕಟೆ.

ಮನೆಯಲ್ಲಿ ಟ್ರೇಲರ್ ಇದ್ರೆ ಅದರ ಆರ್‌ಸಿ ಹೊರಗೆ ತೆಗೀರಿ. ಒಟ್ಟು ತೂಕ, ಖಾಲಿ ತೂಕ, ಎರಡರ ವ್ಯತ್ಯಾಸ. ಆ ಒಂದು ಸಂಖ್ಯೆಯನ್ನ ಟ್ರೇಲರ್ ಮೇಲೆ ಪೇಂಟ್‌ನಲ್ಲಿ ದೊಡ್ಡದಾಗಿ ಬರೆಸಿ. ದೇವರ ಹೆಸರು, ಮಕ್ಕಳ ಹೆಸರು ಬರೆಸೋ ಜಾಗದಲ್ಲಿ ಅದಕ್ಕೂ ಸ್ವಲ್ಪ ಜಾಗ ಕೊಡಿ.

ಈ ವಾರದ ಕಾಟಾ ಚೀಟಿ ಪಕ್ಕದಲ್ಲಿಟ್ಟು ಹೋಲಿಸಿ. ಅಪ್ಪ, ಕಾಕಾ, ಮಾಮನ ಜೊತೆ ಜಗಳ ಬೇಡ. ನಾಲ್ಕನೇ ಭಾಗದ ಲೆಕ್ಕ ಮಾತ್ರ ಅವರ ಮುಂದೆ ಮಾಡಿ ತೋರಿಸಿ. ಲೆಕ್ಕಕ್ಕೆ ಸಿಟ್ಟು ಬರಲ್ಲ.

ಹೊರಡೋಕೆ ಮೊದಲು: ಎರಡು ಬ್ರೇಕ್ ಪೆಡಲ್ ಸೇರಿಸಿ ಲಾಕ್, ಪಿನ್ನಿಗೆ ಲಾಕ್ ಮತ್ತು ಸರಪಳಿ, ಟೈರ್ ಗಾಳಿ, ಕಬ್ಬಿನ ಹೊರಗೆ ಕಾಣೋ ಹಾಗೆ ಹಿಂದೆ ಕೆಂಪು ದೀಪ. ಇಳಿಜಾರಿನಲ್ಲಿ ಮೊದಲೇ ಗೇರ್ ಇಳಿಸಿ, ನ್ಯೂಟ್ರಲ್ ಬೇಡವೇ ಬೇಡ. ಗಾಡಿ ಕೆಟ್ಟು ನಿಂತ್ರೆ ಕಲ್ಲಿನ ಬದಲು ರಿಫ್ಲೆಕ್ಟರ್ ತ್ರಿಕೋನ, ಅದೂ ಟ್ರೇಲರ್‌ಗೆ ಒರಗಿಸಿ ಅಲ್ಲ, ದೂರದಲ್ಲಿ.

ಬೈಕ್ ಓಡಿಸೋರು: ಕಬ್ಬಿನ ಗಾಡಿ ಹಿಂದೆ ಅಂಟಿಕೊಂಡು ಹೋಗಬೇಡಿ. ಎರಡು ಟ್ರೇಲರಿನ ಉದ್ದ ಕಣ್ಣಿಗೆ ಮೋಸ ಮಾಡುತ್ತೆ, ಒಂದೇ ಇದೆ ಅಂತ ಓವರ್‌ಟೇಕ್‌ಗೆ ಹೋದವರಿಗೆ ಎರಡನೇದು ಎದುರಾಗುತ್ತೆ. ಟ್ರೇಲರ್ ಹಿಂದೆ ಜೋತು ಕಬ್ಬು ಎಳೆಯೋ ಚಿಕ್ಕ ಮಕ್ಕಳನ್ನ ಕಂಡ್ರೆ ಗದರಿಸಿ ಇಳಿಸಿ.

ಕೊನೇದು ನಮ್ಮ ಫೋನಿನ ಕೆಲಸ. ಗಾಲಿ ಎದ್ದ ರೀಲ್ ಬಂದ್ರೆ ಲೈಕ್ ಒತ್ತಬೇಡಿ. ಬೈಯೋದೂ ಬೇಡ, ಆ ಡ್ರೈವರ್ ನಮ್ಮೂರಿನವನೇ. ಒಂದೇ ಪ್ರಶ್ನೆ ಕಾಮೆಂಟ್‌ನಲ್ಲಿ ಹಾಕಿ: "ಅಣ್ಣಾ, ಎಷ್ಟು ಮೀಟರಿನಲ್ಲಿ ನಿಲ್ಲುತ್ತೆ?"

ನೂರು ಜನ ಅದನ್ನೇ ಕೇಳಿದ್ರೆ, ನೂರಾ ಒಂದನೇ ರೀಲ್ ಮಾಡೋಕೆ ಮೊದಲು ಅವನೂ ಒಂದ್ಸಲ ಹಿಂದೆ ತಿರುಗಿ ತನ್ನ ಲೋಡ್ ನೋಡ್ತಾನೆ.

ನಿಮ್ಮ ಮನೆ ಟ್ರೇಲರಿನ ಆರ್‌ಸಿಯಲ್ಲಿ ಎಷ್ಟಿದೆ, ಚೀಟಿಯಲ್ಲಿ ಎಷ್ಟು ಬಂತು? ಗಾಡಿ ನಂಬರ್, ಹೆಸರು ಬೇಡ, ಎರಡು ಅಂಕಿ ಮಾತ್ರ ಕೆಳಗೆ ಬರೀರಿ.

#ಕಬ್ಬಿನಸೀಸನ್ #ಡಬಲ್‌ಟ್ರೇಲರ್ #ಎಷ್ಟುಮೀಟರಿನಲ್ಲಿನಿಲ್ಲುತ್ತೆ